ಐವತ್ತು ಪೌಂಡಿನ ಪಾಲು: ರಗ್ಬಿ ಲೀಗ್‌ನ ಮೊದಲ ದಿನಗಳ ಒಬ್ಬ ಆಟಗಾರನ ಪ್ರಕರಣ

1908ರ ಮೇ 9ರಂದು ಸಿಡ್ನಿಯಲ್ಲಿ ನ್ಯೂಜಿಲೆಂಡ್ ಮತ್ತು ಆಸ್ಟ್ರೇಲಿಯಾ ತಂಡಗಳು ರಗ್ಬಿ ಲೀಗ್ ಆಟದಲ್ಲಿ ಮೊದಲ ಬಾರಿಗೆ ಎದುರುಬದುರಾದವು. ನ್ಯೂಜಿಲೆಂಡ್ 11-10ರಿಂದ, ಅಂದರೆ ಒಂದೇ ಒಂದು ಅಂಕದ ಅಂತರದಿಂದ ಗೆದ್ದಿತು. ಎದುರಾಳಿಯ ಗೆರೆಯಾಚೆ ಚೆಂಡನ್ನು ನೆಲಕ್ಕೆ ಮುಟ್ಟಿಸಿದರೆ ಸಿಗುವ ಟ್ರೈಗೆ ಆಗ ಮೂರು ಅಂಕಗಳಿದ್ದವು. ಆ ದಿನ ಗೆದ್ದ ತಂಡಕ್ಕೆ ಒಂದು ಟ್ರೈ ತಂದುಕೊಟ್ಟ ಇಪ್ಪತ್ತೈದು ವರ್ಷದ ಯುವಕನಿಗೆ ಅದು ಮೊದಲ ಟೆಸ್ಟ್ ಪಂದ್ಯವಾಗಿತ್ತು, ಕೊನೆಯದೂ ಅದೇ ಆಯಿತು. ಹನ್ನೊಂದು ದಿನಗಳ ನಂತರ, ಮೇ 20ರಂದು, ಆತ ಬ್ರಿಸ್ಬೇನ್ ನಗರದಲ್ಲಿ ನ್ಯುಮೋನಿಯಾದಿಂದ ತೀರಿಕೊಂಡ.

ಪ್ರಕರಣ ಅಧ್ಯಯನದ ರೂಢಿಯಂತೆ ಇಲ್ಲಿ ಆತನ ಹೆಸರನ್ನು ಬಳಸುತ್ತಿಲ್ಲ. ವೆಲ್ಲಿಂಗ್ಟನ್ ನಗರದ ಅಂಚೆ ಕಚೇರಿಯಲ್ಲಿ ಗುಮಾಸ್ತನಾಗಿದ್ದುದರಿಂದ ಉದ್ದಕ್ಕೂ ‘ಗುಮಾಸ್ತ’ ಎಂದೇ ಕರೆದಿದ್ದೇನೆ. ಈ ಆಟದ ಚರಿತ್ರೆಯನ್ನು ಬಲ್ಲವರಿಗೆ ವ್ಯಕ್ತಿ ಯಾರೆಂದು ಕೂಡಲೇ ತಿಳಿಯುತ್ತದೆ ಎಂಬುದನ್ನು ಮುಚ್ಚಿಡುವ ಉದ್ದೇಶ ನನಗಿಲ್ಲ. ಆದರೆ ಎಳೆಯ ವಯಸ್ಸಿನಲ್ಲಿ ತೀರಿಕೊಂಡವರ ಹೆಸರಿಗೆ ಬೇಗ ಮಾಲೆ ಬೀಳುತ್ತದೆ, ಮಾಲೆ ಬಿದ್ದ ಮೇಲೆ ಅವರು ಯಾವ ದಿನ ಯಾವ ಇಕ್ಕಟ್ಟಿನಲ್ಲಿ ಯಾವ ತೀರ್ಮಾನ ಕೈಗೊಂಡರು ಎಂಬುದು ಕಾಣದಾಗುತ್ತದೆ. ಹೆಸರನ್ನು ಬದಿಗಿಟ್ಟು ನೋಡಿದರೆ ಉಳಿಯುವುದು ಆ ತೀರ್ಮಾನಗಳೇ. ಆಟಗಾರನೊಬ್ಬ ಆಟಕ್ಕಾಗಿ ಕೆಲಸ ತಪ್ಪಿಸಿಕೊಂಡಾಗ, ಗಾಯಗೊಂಡಾಗ, ಕೊನೆಗೆ ಇಲ್ಲವಾದಾಗ ಅದರ ನಷ್ಟವನ್ನು ಯಾರು ಹೊರಬೇಕು ಎಂಬ ಪ್ರಶ್ನೆ ಈ ಪ್ರಕರಣದ ಆರಂಭದಲ್ಲೂ ಇದೆ, ಅಂತ್ಯದಲ್ಲೂ ಇದೆ.

ಹಿನ್ನೆಲೆ

ಗುಮಾಸ್ತ ಹುಟ್ಟಿದ್ದು 1883ರ ಜನವರಿ 15ರಂದು, ನ್ಯೂಜಿಲೆಂಡಿನ ಉತ್ತರ ದ್ವೀಪದಲ್ಲಿ ತೆ ಅರೊಹಾ ಪಟ್ಟಣದ ಹತ್ತಿರ ಇದ್ದ ವೈಯೊರೊಂಗೊಮೈ ಎಂಬ ಚಿನ್ನದ ಗಣಿಯ ಊರಿನಲ್ಲಿ. ಬೆಳೆದ ಮೇಲೆ ವೆಲ್ಲಿಂಗ್ಟನ್ನಿನ ಅಂಚೆ ಕಚೇರಿಯಲ್ಲಿ ಕೆಲಸ ಹಿಡಿದು, ಅಲ್ಲಿನ ಓರಿಯೆಂಟಲ್ ಕ್ಲಬ್ಬಿಗೆ ರಗ್ಬಿ ಆಡುತ್ತಿದ್ದ. ದೇಶದ ತಂಡಕ್ಕೆ ಆಯ್ಕೆಯಾಗುವ ಮಟ್ಟದ ಆಟಗಾರ ಆತನಾಗಿರಲಿಲ್ಲ. ಆದರೆ ಆಟವನ್ನು ಬಿಡಿಸಿ ನೋಡುವ ಬುದ್ಧಿ ಆತನಿಗಿತ್ತು. ಇಪ್ಪತ್ನಾಲ್ಕನೆಯ ವಯಸ್ಸಿನಲ್ಲಿಯೇ, 1907ರಲ್ಲಿ, ನ್ಯೂಜಿಲೆಂಡಿನ ರಗ್ಬಿ ವಿಧಾನಗಳನ್ನು ಹೊಸಬರಿಗೂ ಪಳಗಿದ ಆಟಗಾರರಿಗೂ ನೋಡುಗರಿಗೂ ವಿವರಿಸುವ ಪುಸ್ತಕವೊಂದು ಆತನ ಹೆಸರಿನಲ್ಲಿ ಪ್ರಕಟವಾಯಿತು. ಮುಂದೆ ನಡೆದುದನ್ನೆಲ್ಲ ಅರಿಯಲು ಈ ಸಂಗತಿ ಮುಖ್ಯ, ಏಕೆಂದರೆ ಆತನ ಬಲ ಇದ್ದದ್ದು ಕಾಲಿಗಿಂತ ಹೆಚ್ಚಾಗಿ ಲೇಖನಿಯಲ್ಲಿ.

ಆ ಕಾಲದ ರಗ್ಬಿಯ ಸ್ಥಿತಿಯನ್ನು ಸ್ವಲ್ಪ ಹೇಳದೆ ವಿಧಿಯಿಲ್ಲ. ಉತ್ತರ ಇಂಗ್ಲೆಂಡಿನ ಗಣಿ ಮತ್ತು ಗಿರಣಿ ಪಟ್ಟಣಗಳಲ್ಲಿ ಆಡುತ್ತಿದ್ದವರು ಹೆಚ್ಚಾಗಿ ದುಡಿದು ತಿನ್ನುವ ಜನ. ಶನಿವಾರ ಕೂಡ ಅರ್ಧ ದಿನ ಕೆಲಸವಿರುತ್ತಿದ್ದ ಕಾಲದಲ್ಲಿ ದೂರದ ಊರಿಗೆ ಪಂದ್ಯಕ್ಕೆ ಹೋದರೆ ಆ ದಿನದ ಕೂಲಿ ಹೋಗುತ್ತಿತ್ತು. ತಪ್ಪಿದ ಕೂಲಿಯನ್ನು ಕ್ಲಬ್ಬುಗಳು ತುಂಬಿಕೊಡಲು ಅವಕಾಶವಿರಲಿ ಎಂದು ಯಾರ್ಕ್‌ಷೈರಿನ ಪ್ರತಿನಿಧಿಗಳು 1893ರಲ್ಲಿ ತಂದ ಸೂಚನೆಯನ್ನು ಲಂಡನ್ನಿನಲ್ಲಿ ಸೇರಿದ ರಗ್ಬಿ ಒಕ್ಕೂಟ ತಳ್ಳಿಹಾಕಿತು. ಹಣ ಮುಟ್ಟಿದರೆ ಹವ್ಯಾಸಿ ಆಟದ ಶುದ್ಧತೆ ಕೆಡುತ್ತದೆ ಎಂಬುದು ಅದರ ವಾದವಾಗಿತ್ತು. ಹೊಟ್ಟೆ ತುಂಬಿದವರಿಗೆ ಇಂಥ ಶುದ್ಧತೆಯನ್ನು ಕಾಪಾಡುವುದು ಕಷ್ಟವಲ್ಲ. 1895ರ ಆಗಸ್ಟ್ 29ರಂದು ಹಡರ್ಸ್‌ಫೀಲ್ಡಿನ ಜಾರ್ಜ್ ಹೋಟೆಲಿನಲ್ಲಿ ಸೇರಿದ ಉತ್ತರದ ಕ್ಲಬ್ಬುಗಳು ಒಕ್ಕೂಟದಿಂದ ಹೊರಬಂದು ‘ನಾರ್ದರ್ನ್ ಯೂನಿಯನ್’ ಎಂಬ ತಮ್ಮದೇ ಸಂಸ್ಥೆಯನ್ನು ಕಟ್ಟಿಕೊಂಡವು. ಮೊದಲಿಗೆ ಅವು ಒಪ್ಪಿದ್ದು ತಪ್ಪಿದ ಕೆಲಸಕ್ಕೆ ದಿನಕ್ಕೆ ಆರು ಶಿಲಿಂಗ್ ಮಾತ್ರ (ಇಪ್ಪತ್ತು ಶಿಲಿಂಗಿಗೆ ಒಂದು ಪೌಂಡ್). ಆಟಗಾರರಿಗೆ ಸಂಭಾವನೆ ಕೊಡಲು ಬಹಿರಂಗ ಒಪ್ಪಿಗೆ ಸಿಕ್ಕಿದ್ದು 1898ರಲ್ಲಿ, ಅದೂ ಆಟಗಾರನಿಗೆ ಬೇರೊಂದು ನಿಜವಾದ ಉದ್ಯೋಗವಿರಲೇಬೇಕು ಎಂಬ ಷರತ್ತಿನೊಂದಿಗೆ.

ಹಣದ ಜಗಳದಿಂದ ಹುಟ್ಟಿದ ಸಂಸ್ಥೆ ಕ್ರಮೇಣ ಆಟವನ್ನೇ ಬದಲಿಸಿತು, ಮುಂದೆ ರಗ್ಬಿ ಲೀಗ್ ಎಂದು ಹೆಸರಾದದ್ದು ಈ ಬದಲಾದ ಆಟವೇ. ಟಿಕೆಟ್ ಕೊಂಡು ಬರುವವರಿಗೆ ಓಟ ಬೇಕಾಗಿತ್ತು, ಹದಿನೈದು ಹದಿನೈದು ಮಂದಿ ಕೆಸರಿನಲ್ಲಿ ಒಬ್ಬರ ಮೇಲೊಬ್ಬರು ಬಿದ್ದಿರುವುದನ್ನು ಎಷ್ಟು ಹೊತ್ತು ನೋಡುತ್ತಾರೆ? ಚೆಂಡು ಬದಿಗೆರೆ ದಾಟಿದಾಗ ಎರಡು ಸಾಲು ನಿಂತು ಎಗರಿ ಹಿಡಿಯುವ ಪದ್ಧತಿಯನ್ನು 1897ರಲ್ಲಿ ಕೈಬಿಡಲಾಯಿತು. 1906ರಲ್ಲಿ ತಂಡದ ಬಲವನ್ನು ಹದಿಮೂರಕ್ಕೆ ಇಳಿಸಿ, ಹಿಡಿತಕ್ಕೆ ಸಿಕ್ಕಿದ ಆಟಗಾರ ಎದ್ದು ನಿಂತು ಚೆಂಡನ್ನು ಪಾದದಿಂದ ಹಿಂದಕ್ಕೆ ತಳ್ಳಿ ಆಟ ಮುಂದುವರಿಸುವ ನಿಯಮವನ್ನು ತರಲಾಯಿತು. ನಮ್ಮ ಕಬಡ್ಡಿಯಲ್ಲಿ ಹಿಡಿದರೆ ರೈಡು ಮುಗಿಯಿತು, ಇಲ್ಲಿ ಹಿಡಿದ ಕ್ಷಣದಿಂದಲೇ ಮುಂದಿನ ದಾಳಿ ಶುರುವಾಗುತ್ತದೆ. ಇಷ್ಟು ಸಲ ಹಿಡಿದ ಮೇಲೆ ಚೆಂಡು ಬಿಟ್ಟುಕೊಡಬೇಕು ಎಂಬ ಎಣಿಕೆ ಆಗ ಇರಲಿಲ್ಲ, ಅದು ಬಂದದ್ದು 1960ರ ದಶಕದಲ್ಲಿ.

ನ್ಯೂಜಿಲೆಂಡಿನಲ್ಲಿ ಅಸಮಾಧಾನದ ಬೀಜ ಬಿದ್ದದ್ದು ಒಂದು ದೊಡ್ಡ ಗೆಲುವಿನಿಂದಲೇ. 1905ರಲ್ಲಿ ಬ್ರಿಟನ್ನಿಗೆ ಹೋದ ದೇಶದ ರಗ್ಬಿ ತಂಡ, ಅಂದರೆ ಮೊದಲ ‘ಆಲ್ ಬ್ಲ್ಯಾಕ್ಸ್’, ಆ ಪ್ರವಾಸದ 35 ಪಂದ್ಯಗಳಲ್ಲಿ 34 ಗೆದ್ದು, ಕಾರ್ಡಿಫಿನಲ್ಲಿ ವೇಲ್ಸ್ ಎದುರು ಮಾತ್ರ 3-0ರಿಂದ ಸೋತಿತು. ಮೈದಾನಗಳು ತುಂಬಿದವು, ಒಕ್ಕೂಟದ ತಿಜೋರಿಗೆ ಸಾವಿರಾರು ಪೌಂಡ್ ಬಂತು. ಆಟಗಾರನಿಗೆ ಸಿಕ್ಕಿದ್ದು ದಿನಕ್ಕೆ ಮೂರು ಶಿಲಿಂಗ್ ಭತ್ಯೆ. ತಿಂಗಳುಗಟ್ಟಲೆ ಕೆಲಸ ಬಿಟ್ಟು ಹೋಗಿದ್ದವರು ಮನೆಗೆ ಮರಳಿ ಈ ಎರಡು ಮೊತ್ತಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡದೆ ಇರಲು ಸಾಧ್ಯವಿರಲಿಲ್ಲ.

ಸಮಸ್ಯೆ

ಅಂಚೆ ಕಚೇರಿಯಲ್ಲಿ ಕಣ್ಣಿಗೆ ಬಿದ್ದ ಇಂಗ್ಲಿಷ್ ಪತ್ರಿಕೆಯೊಂದರಲ್ಲಿ, ಬ್ರಾಡ್‌ಫರ್ಡಿನ ನಾರ್ದರ್ನ್ ಯೂನಿಯನ್ ಪಂದ್ಯಕ್ಕೆ 40,000 ಜನ ಸೇರಿದ್ದರೆಂಬ ವರದಿಯನ್ನು ಓದಿ ಗುಮಾಸ್ತನಿಗೆ ಈ ಯೋಚನೆ ಹೊಳೆಯಿತೆಂದು ಹೇಳುತ್ತ ಬಂದಿದ್ದಾರೆ. ಯೋಚನೆ ಎಲ್ಲಿ ಹುಟ್ಟಿತು ಎಂಬುದಕ್ಕಿಂತ ಆತ ಅದನ್ನು ಹೇಗೆ ಎತ್ತಿಕೊಂಡ ಎಂಬುದು ನಮಗೆ ಬೇಕಾದ ವಿಷಯ. ಭತ್ಯೆ ಸಾಲದು ಎಂದು ತನ್ನ ದೇಶದ ಒಕ್ಕೂಟಕ್ಕೆ ಮನವಿ ಸಲ್ಲಿಸುವ ದಾರಿ ಇತ್ತು. ಆದರೆ ಇಂಗ್ಲೆಂಡಿನಲ್ಲಿ ಅದೇ ಮನವಿಗೆ 1893ರಲ್ಲಿ ಏನಾಯಿತೆಂದು ಲೋಕಕ್ಕೇ ಗೊತ್ತಿತ್ತು. ಆತ ಒಕ್ಕೂಟವನ್ನು ಬಿಟ್ಟು, 1907ರ ಮೊದಲ ತಿಂಗಳುಗಳಲ್ಲಿ ನೇರವಾಗಿ ನಾರ್ದರ್ನ್ ಯೂನಿಯನ್ನಿಗೆ ಪತ್ರ ಬರೆದ. ನ್ಯೂಜಿಲೆಂಡಿನಿಂದ ವೃತ್ತಿಪರ ತಂಡವೊಂದು ಬಂದರೆ ನಿಮ್ಮ ಕ್ಲಬ್ಬುಗಳ ಎದುರು ಪಂದ್ಯಗಳನ್ನು ಏರ್ಪಡಿಸುತ್ತೀರಾ, ಟಿಕೆಟ್ ವಸೂಲಿಯಲ್ಲಿ ಪಾಲು ಕೊಡುತ್ತೀರಾ ಎಂಬುದು ಅದರ ತಿರುಳು. ಒಪ್ಪಿಗೆ ಬಂತು.

ಒಪ್ಪಿಗೆಯ ಬೆನ್ನಿಗೇ ತೊಂದರೆಯೂ ಬಂತು. ಸುದ್ದಿ ಹೊರಬಿದ್ದ ಮೇಲೆ ನ್ಯೂಜಿಲೆಂಡ್ ರಗ್ಬಿ ಒಕ್ಕೂಟ ಗುಮಾಸ್ತನನ್ನು ಜೀವಮಾನವಿಡೀ ನಿಷೇಧಿಸಿತು, ತನ್ನ ಮೈದಾನಗಳೊಳಗೆ ಆತ ಕಾಲಿಡುವುದಕ್ಕೂ ಅಡ್ಡಿ ಹಾಕಿತು. ಪ್ರಾತಿನಿಧಿಕ ಪಂದ್ಯಗಳಿಗೆ ಆಯ್ಕೆಯಾಗುವ ಆಟಗಾರರು ತಾವು ಹವ್ಯಾಸಿಗಳೇ ಎಂಬ ಘೋಷಣೆಗೆ ಸಹಿ ಹಾಕಬೇಕೆಂದಿತು. ಬರಲಿರುವುದು ಹೆಸರಿಗಷ್ಟೇ ಇರುವ ಭೂತದ ತಂಡ ಎಂಬ ಮಾತು ಇಂಗ್ಲೆಂಡಿನಲ್ಲೂ ಹರಡಿತು.

ಈ ಹಂತದಲ್ಲಿ ಗುಮಾಸ್ತನ ಮುಂದಿದ್ದ ಇಕ್ಕಟ್ಟನ್ನು ಬಿಡಿಸಿ ಹೇಳಬೇಕು. ಆತನ ಬಳಿ ಒಂದು ಪತ್ರವಿತ್ತು, ತಂಡವಿರಲಿಲ್ಲ. ತಂಡ ಸೇರಬೇಕಾದರೆ ಒಳ್ಳೆಯ ಆಟಗಾರರು ತಮ್ಮ ರಗ್ಬಿ ಬದುಕನ್ನೇ ಪಣಕ್ಕಿಡಬೇಕಿತ್ತು, ಏಕೆಂದರೆ ಒಮ್ಮೆ ಹೊರಟವನಿಗೆ ಮತ್ತೆ ಒಕ್ಕೂಟದ ಬಾಗಿಲು ತೆರೆಯುತ್ತಿರಲಿಲ್ಲ. ಹಡಗಿನ ಖರ್ಚಿಗೆ ದೊಡ್ಡ ಮೊತ್ತ ಬೇಕಿತ್ತು. ಆ ಮೊತ್ತವನ್ನು ಒಬ್ಬ ಸಾಹುಕಾರನಿಂದ ತಂದರೆ ಲಾಭವೂ ಅವನ ಪಾಲಾಗುತ್ತಿತ್ತು, ಆಗ ಆಟಗಾರನ ಸ್ಥಿತಿ ಒಕ್ಕೂಟದ ಕೈಕೆಳಗೆ ಇದ್ದುದಕ್ಕಿಂತ ಎಷ್ಟು ಭಿನ್ನವಾಗುತ್ತಿತ್ತು? ಒಡೆಯ ಬದಲಾಗುತ್ತಿದ್ದ, ಲೆಕ್ಕ ಬದಲಾಗುತ್ತಿರಲಿಲ್ಲ. ಇದರ ಜೊತೆಗೆ ಇನ್ನೊಂದು ಮುಜುಗರದ ಸಂಗತಿಯೂ ಇತ್ತು. ಹೊಸ ನಿಯಮಗಳ ಈ ಆಟವನ್ನು ಆಡಿದ ಅನುಭವ ನ್ಯೂಜಿಲೆಂಡಿನಲ್ಲಿ ಯಾರಿಗೂ ಇರಲಿಲ್ಲ.

ಹೂಡಿದ ಉಪಾಯ

ಈ ಪ್ರಕರಣದಲ್ಲಿ ನನಗೆ ಅತ್ಯಂತ ಬೆಲೆಬಾಳುವುದೆಂದು ತೋರುವುದು ಹಣದ ಪ್ರಶ್ನೆಗೆ ಕಂಡುಕೊಂಡ ಉತ್ತರ. ತಂಡಕ್ಕೆ ಸೇರುವ ಪ್ರತಿಯೊಬ್ಬನೂ 50 ಪೌಂಡ್ ಹೂಡಬೇಕು, ಖರ್ಚು ಕಳೆದು ಉಳಿದ ಲಾಭವನ್ನು ಎಲ್ಲರೂ ಹಂಚಿಕೊಳ್ಳಬೇಕು. ಕೂಲಿ ಮಾಡುವವನಿಗೆ 50 ಪೌಂಡ್ ಎಂದರೆ ಹಲವು ತಿಂಗಳ ದುಡಿಮೆ. ಸಂಭಾವನೆಯ ಆಸೆ ತೋರಿಸಿ ಆಟಗಾರರನ್ನು ಸೆಳೆಯಬಹುದಾಗಿದ್ದ ಕಡೆ ಗುಮಾಸ್ತ ಅವರಿಂದಲೇ ಹಣ ಕೇಳಿದ.

ಇದರಿಂದ ಆದ ಅನುಕೂಲಗಳು ಒಂದಕ್ಕೊಂದು ಹೆಣೆದುಕೊಂಡಿವೆ. ಬಾಯಿಮಾತಿನಲ್ಲಿ ಒಪ್ಪಿ ಕೊನೆಯ ಗಳಿಗೆಯಲ್ಲಿ ಒಕ್ಕೂಟದ ಬೆದರಿಕೆಗೆ ಹಿಂದೆ ಸರಿಯುವವರು ಹಣ ಕಟ್ಟುವ ಹೊತ್ತಿಗೇ ಉದುರಿಹೋಗುತ್ತಿದ್ದರು, ಕಟ್ಟಿದವನು ಮಾತ್ರ ಹಡಗು ಹತ್ತುವವರೆಗೂ ಕದಲುತ್ತಿರಲಿಲ್ಲ. ಹೊರಗಿನ ಹಣವಂತನ ಹಂಗು ಬೇಕಿರಲಿಲ್ಲ. ಪ್ರವಾಸದ ಮಧ್ಯೆ ಸಂಭಾವನೆಗಾಗಿ ಜಗಳವಾಡಲು ಎದುರಿಗೆ ಧಣಿ ಎಂಬುವನೇ ಇರಲಿಲ್ಲ, ಸೋತು ಜನ ಬರದಿದ್ದರೆ ನಷ್ಟ ತಮ್ಮದೇ. 1905ರ ತಂಡದಲ್ಲಿ ಆಡಿದ್ದ ಜಾರ್ಜ್ ಸ್ಮಿತ್, ಡಂಕನ್ ಮೆಕ್‌ಗ್ರೆಗರ್ ಮೊದಲಾದ ನಾಲ್ವರು ಬಂದು ಸೇರಿದಾಗ ‘ಭೂತದ ತಂಡ’ ಎಂಬ ಕುಹಕ ನಿಂತಿತು. ನಾಯಕನಾಗಿ ಎಚ್. ಆರ್. ರೈಟ್ ಬಂದ. ಗುಮಾಸ್ತ ತಾನೂ ಆಟಗಾರರಲ್ಲಿ ಒಬ್ಬನಾಗಿದ್ದು, ತಂಡದ ಕಾರ್ಯದರ್ಶಿಯ ಹೊಣೆಯನ್ನು ಹೊತ್ತುಕೊಂಡ.

ಇದೇ ಹೊತ್ತಿಗೆ ಸಿಡ್ನಿಯಲ್ಲಿ ಬೇರೊಂದು ಬೇಗುದಿ ನಡೆದಿತ್ತು. ಅಲೆಕ್ಸ್ ಬರ್ಡನ್ ಎಂಬ ಆಟಗಾರ ಆಟದಲ್ಲಿ ಗಾಯಗೊಂಡು ಕೆಲಸಕ್ಕೆ ಹೋಗಲಾಗದೆ ಕುಳಿತಾಗ ಅಲ್ಲಿನ ಒಕ್ಕೂಟ ಪರಿಹಾರ ಕೊಡಲಿಲ್ಲವೆಂಬುದು ಆ ಬೇಗುದಿಗೆ ತುಪ್ಪ ಸುರಿದಿತ್ತು. ಜೆ. ಜೆ. ಗಿಲ್ಟಿನನ್ ಎಂಬ ವ್ಯಾಪಾರಿಯೂ ಹೆನ್ರಿ ಹೊಯ್ಲ್ ಎಂಬ ರಾಜಕಾರಣಿಯೂ ಇದರ ಮುಂದಾಳುಗಳಾಗಿದ್ದರು. ಕ್ರಿಕೆಟ್ ಬಲ್ಲ ನಮ್ಮ ಓದುಗರಿಗೆ ಮೂರನೆಯ ಹೆಸರು ಪರಿಚಿತ: ಆಸ್ಟ್ರೇಲಿಯಾದ ಹೆಸರಾಂತ ಬ್ಯಾಟ್ಸ್‌ಮನ್ ವಿಕ್ಟರ್ ಟ್ರಂಪರ್. ಗುಮಾಸ್ತನ ತಂಡ ಇಂಗ್ಲೆಂಡಿಗೆ ಹೋಗುವ ದಾರಿಯಲ್ಲಿ ಸಿಡ್ನಿಯಲ್ಲಿ ಮೂರು ಪಂದ್ಯಗಳನ್ನಾಡಲು ಒಪ್ಪಿಕೊಂಡಿತು. ಎದುರಾಳಿ ತಂಡವೊಂದು ಬೇಕೆಂಬ ತುರ್ತಿನಲ್ಲಿಯೇ 1907ರ ಆಗಸ್ಟ್ 8ರಂದು ಬೇಟ್‌ಮನ್ಸ್ ಕ್ರಿಸ್ಟಲ್ ಹೋಟೆಲಿನಲ್ಲಿ ಸಭೆ ಸೇರಿ ನ್ಯೂ ಸೌತ್ ವೇಲ್ಸಿನ ಹೊಸ ಲೀಗ್ ಹುಟ್ಟಿತು. ಒಂಬತ್ತು ದಿನಗಳಲ್ಲಿ, ಆಗಸ್ಟ್ 17ರಂದು, ಮೊದಲ ಪಂದ್ಯ ನಡೆಯಿತು. ತಮಾಷೆಯೆಂದರೆ ಹೊಸ ಆಟದ ನಿಯಮ ಪುಸ್ತಕ ಯಾರ ಕೈಯಲ್ಲೂ ಇಲ್ಲದ್ದರಿಂದ, ಹಳೆಯ ರಗ್ಬಿಯಿಂದ ಬಿಡುಗಡೆ ಪಡೆದವರು ಮೂರೂ ಪಂದ್ಯಗಳನ್ನು ಹಳೆಯ ರಗ್ಬಿಯ ನಿಯಮಗಳಂತೆಯೇ ಆಡಿದರು. ಮೂರರಲ್ಲೂ ನ್ಯೂಜಿಲೆಂಡಿಗರು ಗೆದ್ದರು, ಸಿಡ್ನಿಯ ಲೀಗ್‌ಗೆ ಮೊದಲ ಬಂಡವಾಳ ದಕ್ಕಿತು. ‘ಆಲ್ ಬ್ಲ್ಯಾಕ್ಸ್’ ಹೆಸರನ್ನು ತಿರುಚಿ ಅಲ್ಲಿನ ಪತ್ರಿಕೆಯವರು ಇವರನ್ನು ‘ಆಲ್ ಗೋಲ್ಡ್ಸ್’ ಎಂದು ಹಂಗಿಸಿದರು. ಚಿನ್ನದ ಗಣಿಯ ಊರಿನಲ್ಲಿ ಹುಟ್ಟಿದ ಗುಮಾಸ್ತನಿಗೆ ಆ ಹಂಗು ಹೇಗೆ ಕೇಳಿಸಿತೋ! ತಂಡ ಮುಂದೆ ಆ ಹೆಸರನ್ನೇ ಹೊತ್ತು ಇತಿಹಾಸ ಸೇರಿತು.

ಸಿಡ್ನಿಯಲ್ಲಿ ಕೈಗೊಂಡ ಇನ್ನೊಂದು ತೀರ್ಮಾನ ಡ್ಯಾಲಿ ಮೆಸೆಂಜರ್‌ಗೆ ಸಂಬಂಧಿಸಿದ್ದು. ಆತ ಆಸ್ಟ್ರೇಲಿಯಾದವನು, ಆಗಷ್ಟೇ ಎದುರಾಳಿ ತಂಡದಲ್ಲಿ ಆಡಿದ್ದವನು, ಸಿಡ್ನಿಯ ಜನರನ್ನು ಮೈದಾನಕ್ಕೆ ಎಳೆದು ತರಬಲ್ಲ ಹೆಸರು. ನ್ಯೂಜಿಲೆಂಡ್ ತಂಡವೆಂದು ಕರೆದುಕೊಳ್ಳುವವರು ಪರದೇಶದವನನ್ನು ಜೊತೆಗೊಯ್ಯುವುದು ಸರಿಯೇ ಎಂಬ ಪ್ರಶ್ನೆಯನ್ನು ಅವರು ದೊಡ್ಡದು ಮಾಡಲಿಲ್ಲ. ಪಾಲುಗಾರರ ತಂಡಕ್ಕೆ ಇದು ಸಹಜ ತೀರ್ಮಾನವೆಂದೇ ನನ್ನ ಅಭಿಪ್ರಾಯ, ಏಕೆಂದರೆ ಮೈದಾನ ತುಂಬಿಸುವವನು ಎಲ್ಲರ ಪಾಲನ್ನೂ ಹೆಚ್ಚಿಸುತ್ತಾನೆ. ಇಡೀ ಪ್ರವಾಸದಲ್ಲಿ ಅತಿ ಹೆಚ್ಚು ಅಂಕ ಗಳಿಸಿದವನು ಮೆಸೆಂಜರನೇ.

ಪ್ರವಾಸದಲ್ಲಿ ನಡೆದದ್ದು

ಅಕ್ಟೋಬರ್ ತಿಂಗಳ ಆರಂಭದಲ್ಲಿ ತಂಡ ಲೀಡ್ಸ್ ನಗರವನ್ನು ಮುಟ್ಟಿತು. ಅಲ್ಲಿ ಸಿಕ್ಕ ಕೆಲವೇ ದಿನಗಳಲ್ಲಿ ಹದಿಮೂರು ಮಂದಿಯ ಆಟವನ್ನೂ, ಹಿಡಿತದ ನಂತರ ಚೆಂಡು ಬಿಡುವ ಕ್ರಮವನ್ನೂ ಕಲಿತು, ಅಕ್ಟೋಬರ್ 9ರಂದು ಬ್ರಾಮ್ಲಿ ಕ್ಲಬ್ಬಿನ ಎದುರು ಮೊದಲ ಪಂದ್ಯವನ್ನಾಡಿ ಗೆದ್ದಿತು. ಅಲ್ಲಿಂದ ಫೆಬ್ರುವರಿಯವರೆಗೆ 35 ಪಂದ್ಯಗಳು ನಡೆದವು, ಅಂದರೆ ಹೆಚ್ಚುಕಡಿಮೆ ನಾಲ್ಕು ದಿನಕ್ಕೊಂದು. ಇಂಗ್ಲೆಂಡಿನ ಚಳಿಗಾಲದಲ್ಲಿ, ಊರಿಂದೂರಿಗೆ ರೈಲಿನಲ್ಲಿ ತಿರುಗುತ್ತ, ಆಡುತ್ತಲೇ ಕಲಿಯಬೇಕಾದ ಆಟವನ್ನು ಅದರ ತವರಿನವರ ಎದುರೇ ಆಡಿ ತಂಡ 19ರಲ್ಲಿ ಗೆದ್ದಿತು, 14ರಲ್ಲಿ ಸೋತಿತು, ಎರಡು ಸಮವಾದವು. 1905ರವರ 34 ಗೆಲುವುಗಳ ಪಕ್ಕದಲ್ಲಿ ಈ ಅಂಕಿ ಸಪ್ಪೆಯಾಗಿ ಕಾಣಬಹುದು, ಆದರೆ 1905ರವರು ಬಾಲ್ಯದಿಂದ ಆಡಿಕೊಂಡು ಬಂದ ಆಟವನ್ನು ಆಡಿದ್ದರು.

1908ರ ಹೊಸ ವರ್ಷದ ದಿನ ಅಬರ್ಡೇರ್‌ನಲ್ಲಿ ವೇಲ್ಸ್ ಎದುರು 9-8ರಿಂದ ಸೋತದ್ದು ಈ ಆಟದ ಅಂತರರಾಷ್ಟ್ರೀಯ ಚರಿತ್ರೆಯಲ್ಲಿ ತಂಡಕ್ಕೆ ಮೊದಲ ಏಟು. ನಾರ್ದರ್ನ್ ಯೂನಿಯನ್ನಿನ ಆಯ್ದ ತಂಡದ ಎದುರು ಮೂರು ಟೆಸ್ಟ್‌ಗಳಿದ್ದವು. ಜನವರಿ 25ರಂದು ಲೀಡ್ಸಿನ ಹೆಡಿಂಗ್ಲಿಯಲ್ಲಿ 14-6ರಿಂದ ಸೋತರು. ಫೆಬ್ರುವರಿ 8ರಂದು ಲಂಡನ್ನಿನ ಸ್ಟ್ಯಾಮ್‌ಫರ್ಡ್ ಬ್ರಿಜ್ ಮೈದಾನದಲ್ಲಿ 18-6ರಿಂದ ಗೆದ್ದರು. ಒಂದು ವಾರದ ನಂತರ ಚೆಲ್ಟನ್‌ಹ್ಯಾಮಿನಲ್ಲಿ 8-5ರಿಂದ ಗೆದ್ದು ಸರಣಿಯನ್ನು ಕೈವಶ ಮಾಡಿಕೊಂಡರು. ನಾಲ್ಕು ತಿಂಗಳ ಹಿಂದೆ ನಿಯಮಗಳನ್ನು ಹೇಳಿಸಿಕೊಂಡವರು ಹೇಳಿಕೊಟ್ಟವರನ್ನೇ ಸೋಲಿಸಿದ್ದರು.

ಈ ಮೂರು ಟೆಸ್ಟ್‌ಗಳಲ್ಲಿ ಗುಮಾಸ್ತ ಒಂದರಲ್ಲೂ ಆಡಲಿಲ್ಲ. ಕಾರ್ಯದರ್ಶಿಯ ಕೆಲಸವೇ ಆತನ ಸಮಯವನ್ನು ನುಂಗಿತು, ಇಡೀ ಪ್ರವಾಸದಲ್ಲಿ ಮೈದಾನಕ್ಕಿಳಿದದ್ದು ಅಪರೂಪಕ್ಕೆ. ತಂಡವನ್ನು ಕಟ್ಟಿದವನು ಆಯ್ಕೆಯ ಹೊತ್ತಿಗೆ ತನ್ನ ಹೆಸರನ್ನೂ ಬರೆದುಕೊಳ್ಳುವುದು ಕ್ಲಬ್ ಮಟ್ಟದಲ್ಲಿ ನಾವೆಲ್ಲ ಕಂಡಿರುವ ಚಾಳಿ. ತನ್ನ 50 ಪೌಂಡನ್ನೂ ಅಂಚೆ ಇಲಾಖೆಯ ಸ್ಥಿರವಾದ ನೌಕರಿಯನ್ನೂ ಬಿಟ್ಟು ಬಂದಿದ್ದ ಆತ ಹಾಗೆ ಮಾಡಿದ್ದರೆ ಯಾರೂ ಬೆರಳು ಮಾಡುತ್ತಿರಲಿಲ್ಲವೇನೋ. ಆದರೆ ಸಮಪಾಲಿನ ವ್ಯವಸ್ಥೆಯಲ್ಲಿ ದುರ್ಬಲ ಆಯ್ಕೆಯ ಬೆಲೆಯನ್ನು ಉಳಿದ ಪಾಲುಗಾರರು ತೆರಬೇಕಾಗುತ್ತದೆ. ಮೆಸೆಂಜರನನ್ನು ತಂಡದೊಳಕ್ಕೆ ತಂದ ಲೆಕ್ಕಾಚಾರವೇ ಗುಮಾಸ್ತನನ್ನು ಮೈದಾನದ ಹೊರಗೆ ಕೂರಿಸಿತು ಎಂದು ನಾನು ಓದಿಕೊಳ್ಳುತ್ತೇನೆ. ಆಟಗಾರನೆಂಬ ನೆಲೆಯಲ್ಲಿ ಆತನ ಬದುಕು ಇಷ್ಟು ಗಿಡ್ಡವಾದದ್ದಕ್ಕೆ ರೋಗವೊಂದೇ ಕಾರಣವಲ್ಲ. ಆರೋಗ್ಯವಾಗಿದ್ದ ತಿಂಗಳುಗಳನ್ನು ಆತ ಕಾಗದಪತ್ರಗಳಿಗೆ ಕೊಟ್ಟಿದ್ದ.

ಪ್ರವಾಸ ಮುಗಿಯುವ ಹೊತ್ತಿಗೆ ಇಂಗ್ಲಿಷ್ ಕ್ಲಬ್ಬುಗಳು ಹಣದ ಚೀಲ ಬಿಚ್ಚಿದ್ದವು. ಲ್ಯಾನ್ಸ್ ಟಾಡ್ ವಿಗನ್ ಕ್ಲಬ್ಬಿಗೆ ಹೋದ, ಜಾರ್ಜ್ ಸ್ಮಿತ್ ಓಲ್ಡ್‌ಹ್ಯಾಮ್ ಸೇರಿದ. ಒಕ್ಕೂಟದವರು ಹೆದರಿದ್ದು ಇದಕ್ಕೇ. ಆಟಗಾರರಿಗೆ ಮಾತ್ರ, ಹಿಂದಿನ ಬಾಗಿಲು ಮುಚ್ಚಿದ ಮೇಲೆ ಮುಂದೆ ಇನ್ನೊಂದು ತೆರೆದುಕೊಂಡಿತ್ತು.

ಹಿಂದಿರುಗುವ ದಾರಿ

ಉಳಿದವರು ಮನೆಗೆ ಹೋಗುವ ಮುನ್ನ ಆಸ್ಟ್ರೇಲಿಯಾದಲ್ಲಿ ಇಳಿದು ಆಡುವುದೆಂದು ಗೊತ್ತಾಗಿತ್ತು. ಎಂಟು ತಿಂಗಳ ಹಿಂದೆ ನಿಯಮ ಪುಸ್ತಕವೂ ಇಲ್ಲದಿದ್ದ ಸಿಡ್ನಿಯಲ್ಲಿ ಈಗ 1908ರ ಏಪ್ರಿಲ್ 20ರಿಂದ ಕ್ಲಬ್ ಪಂದ್ಯಾವಳಿಯೇ ಶುರುವಾಗಿತ್ತು. ಹೊಸ ಆಟವನ್ನು ಮೈಗೂಡಿಸಿಕೊಂಡು ಬಂದಿದ್ದ ನ್ಯೂಜಿಲೆಂಡಿಗರು ಅಲ್ಲಿನವರಿಗೆ ಎದುರಾಳಿಗಳೂ ಹೌದು, ಒಂದು ರೀತಿಯಲ್ಲಿ ಮೇಷ್ಟರೂ ಹೌದು. ಮೆಸೆಂಜರ್ ತನ್ನ ನಾಡಿನ ತಂಡಕ್ಕೆ ಮರಳಿದ್ದ. ಮೇ 9ರ ಟೆಸ್ಟ್‌ಗೆ ಗುಮಾಸ್ತ ಕೊನೆಗೂ ತಂಡದಲ್ಲಿದ್ದ. ಆಗ ಗಳಿಸಿದ ಟ್ರೈ ಇಲ್ಲದಿದ್ದರೆ ಒಂದು ಅಂಕದ ಆ ಗೆಲುವು ಸೋಲಾಗುತ್ತಿತ್ತು.

ಅಲ್ಲಿಂದ ತಂಡ ಹಡಗಿನಲ್ಲಿ ಬ್ರಿಸ್ಬೇನ್ ಕಡೆಗೆ ಹೊರಟಿತು. ದಾರಿಯಲ್ಲಿ ಗುಮಾಸ್ತನಿಗೆ ನೆಗಡಿ, ಜ್ವರ ಹಿಡಿದು ಅದು ನ್ಯುಮೋನಿಯಾಕ್ಕೆ ತಿರುಗಿತು. ಪೆನಿಸಿಲಿನ್ ಕಂಡುಹಿಡಿಯಲು ಇನ್ನೂ ಇಪ್ಪತ್ತು ವರ್ಷವಿತ್ತು. ಶ್ವಾಸಕೋಶಕ್ಕೆ ಸೋಂಕು ತಗುಲಿದರೆ ಶುಶ್ರೂಷೆ ಮಾಡುತ್ತ, ಜ್ವರ ತಾನಾಗಿ ಇಳಿಯುವುದನ್ನು ಕಾಯುವುದೇ ಅಂದಿನ ವೈದ್ಯ. ಗಟ್ಟಿಮುಟ್ಟಾದ ಆಟಗಾರನ ದೇಹವೂ ಆ ಸೋಂಕಿನ ಮುಂದೆ ಸೋಲುತ್ತಿತ್ತು. ಮೇ 16ರಂದು ಆತನ ಸಂಗಡಿಗರು ಕ್ವೀನ್ಸ್‌ಲ್ಯಾಂಡಿನ ಎದುರು ಆಡಿದರು. ನಾಲ್ಕು ದಿನಗಳ ಮೇಲೆ ಗುಮಾಸ್ತ ಹೋದ.

ತಂಡ ಎರಡಾಗಬೇಕಾಯಿತು. ಕೆಲವರು ಶವದೊಂದಿಗೆ ವೆಲ್ಲಿಂಗ್ಟನ್ನಿಗೆ ಹೊರಟರು, ಉಳಿದವರು ಒಪ್ಪಿಕೊಂಡಿದ್ದ ಪಂದ್ಯಗಳನ್ನು ಮುಗಿಸಲು ನಿಂತರು. ಮೇ 30ರ ಬ್ರಿಸ್ಬೇನ್ ಟೆಸ್ಟ್‌ನಲ್ಲಿ 24-12ರಿಂದ ಗೆದ್ದು, ಜೂನ್ 6ರಂದು ಸಿಡ್ನಿಯಲ್ಲಿ 14-9ರಿಂದ ಸೋತರೂ ಈ ಸರಣಿಯೂ ಅವರದೇ ಆಯಿತು. ದುಃಖದ ನಡುವೆ ಆಡಿದ್ದು ಸರಿಯೇ ಎಂದು ಇಂದು ಕೇಳುವುದು ಸುಲಭ. ನಿಲ್ಲಿಸಿದ್ದರೆ ಪಾಲು ಕರಗುತ್ತಿತ್ತು, ಆ ಪಾಲಿನಲ್ಲಿ ತೀರಿಕೊಂಡವನದೂ ಇತ್ತು.

ಪ್ರಕರಣದಿಂದ ಕಾಣುವುದು

ನಾಯಕ ಇಲ್ಲವಾದ ಕೂಡಲೇ ಕೆಲಸ ನಿಂತುಹೋಗುವ ಉದಾಹರಣೆಗಳು ನಮ್ಮ ಸಂಘಸಂಸ್ಥೆಗಳಲ್ಲಿ ಬೇಕಾದಷ್ಟಿವೆ. ಇಲ್ಲಿ ಹಾಗಾಗಲಿಲ್ಲ. ಗುಮಾಸ್ತನ ವೈಯಕ್ತಿಕ ಆಕರ್ಷಣೆಯನ್ನು ಅದಕ್ಕೆ ಕಾರಣವೆಂದು ಕೊಡುವವರಿದ್ದಾರೆ. ನನಗೆ ಅದು ಸಾಲದು ಎನಿಸುತ್ತದೆ, ಆಕರ್ಷಣೆ ಮನುಷ್ಯನೊಂದಿಗೆ ಹೋಗುತ್ತದೆ. ಪ್ರತಿಯೊಬ್ಬನೂ ಹಣ ಹೂಡಿ ಪಾಲುಗಾರನಾಗಿದ್ದುದರಿಂದ ಕೆಲಸ ಯಾರೊಬ್ಬನದೂ ಆಗಿರಲಿಲ್ಲ. ಆತ ತಂಡವನ್ನು ತನ್ನ ಸುತ್ತ ಕಟ್ಟದೆ ಒಂದು ಕರಾರಿನ ಸುತ್ತ ಕಟ್ಟಿದ್ದ. ಎರಡು ವರ್ಷದೊಳಗೆ, 1910ರಲ್ಲಿ, ನ್ಯೂಜಿಲೆಂಡಿಗೆ ತನ್ನದೇ ರಗ್ಬಿ ಲೀಗ್ ಸಂಸ್ಥೆ ಬಂದದ್ದು ಇದೇ ದಾರಿಯಲ್ಲಿ.

ಆದರೆ ಅದೇ ಕರಾರಿನಲ್ಲಿ ಒಂದು ಬಿರುಕೂ ಕಾಣುತ್ತದೆ. ಲಾಭ ಬಂದರೆ ಹೇಗೆ ಹಂಚಬೇಕು ಎಂಬುದಕ್ಕೆ ಅದರಲ್ಲಿ ಉತ್ತರವಿತ್ತು. ಹೊರಟವನೊಬ್ಬ ಮರಳದಿದ್ದರೆ ಆತನನ್ನು ನಂಬಿದವರ ಗತಿಯೇನು ಎಂಬುದಕ್ಕೆ ಲಾಭದ ಒಂದು ಪಾಲು ಉತ್ತರವಾಗಲಾರದು. ಈ ಆಟ ಹುಟ್ಟಿದ್ದು ಆರು ಶಿಲಿಂಗಿನ ತಪ್ಪಿದ ಕೂಲಿಯ ಪ್ರಶ್ನೆಯಿಂದ, ಸಿಡ್ನಿಯಲ್ಲಿ ಬೇರೂರಿದ್ದು ಗಾಯಗೊಂಡ ಒಬ್ಬನಿಗೆ ಪರಿಹಾರ ಸಿಗಲಿಲ್ಲವೆಂಬ ಸಿಟ್ಟಿನಿಂದ. ಅಂಥ ಆಟವನ್ನು ತನ್ನ ದೇಶಕ್ಕೆ ತಂದವನ ತಾಯಿಗಾಗಿ ಸಂಗಡಿಗರು ಜನರ ಮುಂದೆ ಟಿಕೆಟ್ ಮಾರಿ ಹಣ ಕೂಡಿಸಬೇಕಾಯಿತು. ಇದನ್ನು ಗುಮಾಸ್ತನ ತಪ್ಪೆಂದು ಹೇಳಲಾರೆ. ಆದರೆ ಇಂದು ಸ್ವಂತ ಹಣ ಹಾಕಿಕೊಂಡು ತಂಡ ಕಟ್ಟಿ ಪ್ರವಾಸ ಹೊರಡುವವರು ಲಾಭ ಹಂಚುವ ಪುಟವನ್ನು ಬರೆದ ದಿನವೇ ಇನ್ನೊಂದು ಪುಟವನ್ನೂ ಬರೆಯಬೇಕು ಎಂಬುದಕ್ಕೆ ಇದಕ್ಕಿಂತ ನೇರವಾದ ಉದಾಹರಣೆಯನ್ನು ನಾನು ಕಂಡಿಲ್ಲ.

ಒಕ್ಕೂಟದ ನಡೆಯ ಬಗ್ಗೆ ಒಂದು ಮಾತು. ನಿಷೇಧದಿಂದ ತಂಡವನ್ನು ತಡೆಯಲಾಗಲಿಲ್ಲ, ಹೊರಡುವುದೋ ಬೇಡವೋ ಎಂದು ತೂಗುಯ್ಯಾಲೆಯಲ್ಲಿದ್ದವರಿಗೆ ಮರಳುವ ದಾರಿ ಮುಚ್ಚಿತಷ್ಟೆ. ಭತ್ಯೆಯನ್ನು ಕೆಲವು ಶಿಲಿಂಗ್ ಹೆಚ್ಚಿಸಿ ಮಾತಿಗೆ ಕರೆದಿದ್ದರೆ 50 ಪೌಂಡ್ ಹೂಡಲು ಎಷ್ಟು ಮಂದಿ ಮುಂದೆ ಬರುತ್ತಿದ್ದರೋ ಸಂಶಯ. ಹಳೆಯ ರಗ್ಬಿ ತನ್ನ ಆಟಗಾರರಿಗೆ ಹಣ ಪಡೆಯಲು ಬಹಿರಂಗವಾಗಿ ಅನುಮತಿ ಕೊಟ್ಟದ್ದು 1995ರ ಆಗಸ್ಟ್ 26ರಂದು, ಜಾರ್ಜ್ ಹೋಟೆಲಿನ ಸಭೆಗೆ ನೂರು ವರ್ಷ ತುಂಬಲು ಮೂರು ದಿನ ಇದ್ದಾಗ. ಮರುವರ್ಷ, 1996ರಲ್ಲಿ, ಗ್ರೇಟ್ ಬ್ರಿಟನ್ ಮತ್ತು ನ್ಯೂಜಿಲೆಂಡ್ ಲೀಗ್ ತಂಡಗಳು ಸೆಣಸುವ ಫಲಕವೊಂದಕ್ಕೆ ಗುಮಾಸ್ತನ ಹೆಸರನ್ನಿಟ್ಟರು.

ಸಹಾಯಾರ್ಥ ಪಂದ್ಯ ನಡೆದದ್ದು 1908ರ ಜೂನ್ 13ರಂದು, ವೆಲ್ಲಿಂಗ್ಟನ್ನಿನ ಅಥ್ಲೆಟಿಕ್ ಪಾರ್ಕ್ ಮೈದಾನದಲ್ಲಿ. ಪ್ರವಾಸದಿಂದ ಮರಳಿದವರು ಕೆಂಪು ಮತ್ತು ಕಪ್ಪು ಎಂದು ಎರಡು ಪಾಳಿಗಳಾಗಿ ಆಡಿದರು. ತಾಯಿಗೆ ಸುಮಾರು 300 ಪೌಂಡ್ ಕೂಡಿತು. ನ್ಯೂಜಿಲೆಂಡಿನ ನೆಲದಲ್ಲಿ ಹೊಸ ನಿಯಮಗಳಂತೆ ನಡೆದ ಮೊಟ್ಟಮೊದಲ ಪಂದ್ಯ ಅದೇ. ಬದುಕಿದ್ದಾಗ ಒಕ್ಕೂಟ ಕಾಲಿಡಗೊಡದಿದ್ದ ಊರಿನ ರಗ್ಬಿ ಮೈದಾನದಲ್ಲಿ ಅಂದು ಆಡಿದ್ದು ಆತ ತಂದ ಆಟವನ್ನು.